ಮಗನ ಮದುವೆಗೆ ರಷ್ಯಾಕ್ಕೆ ಹೊರಟಿದ್ದೇವೆ, ಬೀಗರ ಮನೆಯ ರೀತಿ ನೀತಿ ತಿಳಿದವರು ಹೇಳಿ

ಹಾಸನದಮ್ಮ:

ಎಲ್ಲರಿಗೂ ನಮಸ್ಕಾರ. ನಮ್ಮದು ಅರಕಲಗೂಡಿನ ಹತ್ತಿರ ಒಂದು ಹಳ್ಳಿ. ಮಗ ಕೆಲಸದ ಮೇಲೆ ಮಾಸ್ಕೋಗೆ ಹೋದವನು ಅಲ್ಲಿಯ ಹುಡುಗಿಯನ್ನು ಮೆಚ್ಚಿಕೊಂಡಿದ್ದಾನೆ. ಹುಡುಗಿ ತ್ವೇರ್ ಅನ್ನುವ ಊರಿನವಳು. ವಿಡಿಯೋ ಕಾಲ್‌ನಲ್ಲಿ ಮಾತಾಡಿಸುತ್ತಾ ಇರುತ್ತೇವೆ. ತುಂಬಾ ಒಳ್ಳೆಯ ಹುಡುಗಿ. ನಮಗೆ ಸಂತೋಷವೇ.

ಜೂನ್‌ನಲ್ಲಿ ಮದುವೆ. ನಾನು, ನಮ್ಮ ಯಜಮಾನರು, ಮಗಳು ಮೂರೂ ಜನ ಹೋಗುತ್ತಿದ್ದೇವೆ. ನಾವು ಮೊದಲು ಮೇ ಕೊನೆಯ ವಾರ ಇಟ್ಟುಕೊಳ್ಳೋಣ ಅಂದಿದ್ದೆವು, ಮಳೆಗಾಲಕ್ಕೆ ಮುಂಚೆ ಊರಿಗೆ ವಾಪಸ್ ಬರಬಹುದು ಅಂತ. ಹುಡುಗಿಯ ತಾಯಿ ಮೇ ತಿಂಗಳು ಬೇಡವೇ ಬೇಡ ಅಂದುಬಿಟ್ಟರು. ಕಾರಣ ಕೇಳಿದರೆ ಮಗನಿಗೂ ಸರಿಯಾಗಿ ಹೇಳಲು ಬರಲಿಲ್ಲ.

ಅಲ್ಲಿಂದ ನನಗೆ ಯೋಚನೆ ಶುರುವಾಯಿತು. ಅವರಿಗೂ ನಮ್ಮ ಹಾಗೆ ಶಾಸ್ತ್ರ ಸಂಪ್ರದಾಯ ಇರುತ್ತದೆ, ಅಲ್ವಾ? ಮದುವೆಗೆ ಮುಂಚೆ ಅವರ ಮನೆಗೆ ಊಟಕ್ಕೆ ಕರೆದಿದ್ದಾರೆ. ಏನು ತೆಗೆದುಕೊಂಡು ಹೋಗಬೇಕು? ಸೊಸೆಗೆ ಮುತ್ತಿನ ಸರ, ಬೀಗರಿಗೆ ಒಳ್ಳೆಯ ಕೈಗಡಿಯಾರ ಅಂದುಕೊಂಡಿದ್ದೇವೆ. ನಾವು ಮೊಟ್ಟೆಯನ್ನೂ ತಿನ್ನುವುದಿಲ್ಲ, ಯಜಮಾನರು ಕುಡಿಯುವುದಿಲ್ಲ. ಬೀಗರು ಸೈನ್ಯದಲ್ಲಿದ್ದು ನಿವೃತ್ತರಾದವರು, ಬಹಳ ಶಿಸ್ತಿನ ಮನುಷ್ಯ ಅಂತ ಮಗ ಹೇಳುತ್ತಾನೆ. ಇನ್ನೊಂದು ವಿಷಯ, ಯಜಮಾನರಿಗೆ ಸುಮ್ನೆ ಕೂತಾಗ ಶಿಳ್ಳೆ ಹಾಕುವ ಅಭ್ಯಾಸ ಇದೆ. ಪರವಾಗಿಲ್ಲವಾ?

ದಯವಿಟ್ಟು ಅಲ್ಲಿ ಬದುಕಿ ಗೊತ್ತಿರುವವರು ಹೇಳಿ. ನಮ್ಮಿಂದ ಮಗನಿಗೂ ಸೊಸೆಗೂ ಮುಜುಗರ ಆಗಬಾರದು, ಅಷ್ಟೇ ನನ್ನ ಆಸೆ.

ನೇವಾ ದಡದವಳು:

ಅಕ್ಕಾ, ಮೊದಲಿಗೆ ನಿಮ್ಮ ಮನೆಯವರಿಗೆಲ್ಲ ಶುಭಾಶಯ. ನಾನು ಮೈಸೂರಿನವಳು, ಈಗ ಸಂಸಾರ ಪೀಟರ್ಸ್‌ಬರ್ಗ್‌ನಲ್ಲಿ. ಗಂಡ ಇಲ್ಲಿಯವರು, ಅತ್ತೆ ನಮ್ಮ ಜೊತೆಗೇ ಇದ್ದಾರೆ. ಹಾಗಾಗಿ ಮನೆಯೊಳಗೆ ನೋಡಿದ್ದನ್ನೇ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತೆ, ಸಮಾಧಾನವಾಗಿ ಓದಿ.

ಮೇ ತಿಂಗಳಿಗೆ ಬೇಜಾರು ಮಾಡಿಕೊಳ್ಳಬೇಡಿ. ನಮಗೆ ಆಷಾಢ ಹೇಗೋ ಇವರಿಗೆ ಮೇ ಹಾಗೆ. ಮೇ ತಿಂಗಳಲ್ಲಿ ಮದುವೆಯಾದರೆ ಬಾಳೆಲ್ಲ ಒದ್ದಾಟ ಅಂತ ಗಾದೆಯೇ ಇದೆ. ಓದಿದವರು, ಡಾಕ್ಟರು, ಎಂಜಿನಿಯರು ಕೂಡ ದಿನ ಗೊತ್ತುಮಾಡುವಾಗ ಮೇ ದಾಟಿಸಿ ಜೂನ್‌ಗೆ ಹೋಗುತ್ತಾರೆ. ನಿಮ್ಮ ಬೀಗಿತ್ತಿ ಮಗಳೂ ಅಳಿಯನೂ ಚೆನ್ನಾಗಿರಲಿ ಅಂತ ಹೇಳಿದ ಮಾತು ಅದು.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಹೊಸ್ತಿಲು. ಬಾಗಿಲು ತೆಗೆದ ಕೂಡಲೇ ಬೀಗರು ಎದುರಿಗೇ ನಿಂತಿರುತ್ತಾರೆ. ನಿಮ್ಮ ಯಜಮಾನರು ಖುಷಿಯಲ್ಲಿ ಹೊರಗಿನಿಂದಲೇ ಕೈ ಚಾಚಬಹುದು. ಬೇಡ. ಹೊಸ್ತಿಲ ಆಚೆ ಈಚೆ ನಿಂತು ಕೈ ಕುಲುಕುವುದಿಲ್ಲ, ತಬ್ಬಿಕೊಳ್ಳುವುದಿಲ್ಲ, ಏನನ್ನೂ ಕೊಡುವುದಿಲ್ಲ, ತೆಗೆದುಕೊಳ್ಳುವುದೂ ಇಲ್ಲ. ಜಗಳ ಬರುತ್ತದೆ ಅಂತ ನಂಬಿಕೆ. ಮನೆ ಕಾಯುವ ದೊಮೊವೊಯ್ ಅನ್ನುವ ಶಕ್ತಿ ಹೊಸ್ತಿಲ ಕೆಳಗೆ ಇರುತ್ತದೆ ಅಂತ ಹಳಬರು ಹೇಳುತ್ತಾರೆ. ನಮ್ಮ ಮನೆಗೆ ಪಾರ್ಸೆಲ್ ತರುವ ಹುಡುಗ ಕೂಡ ಒಂದು ಹೆಜ್ಜೆ ಒಳಗಿಟ್ಟೇ ಪೊಟ್ಟಣ ಕೊಡುತ್ತಾನೆ. ಅವನ ಬೂಟು ಕೆಸರಾಗಿದ್ದರೆ ಅತ್ತೆಯೇ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿ ನಿಂತು ತೆಗೆದುಕೊಳ್ಳುತ್ತಾರೆ. ಹೊಸ್ತಿಲಿಗೆ ಅರಿಶಿನ ಕುಂಕುಮ ಇಡುವ ಮನೆಯಲ್ಲಿ ಬೆಳೆದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಪೂರ್ತಿ ಒಳಗೆ ಹೋಗಿ. ಆಮೇಲೆ ಕೈ ಕೊಡಿ, ಹೂ ಕೊಡಿ, ತಬ್ಬಿಕೊಳ್ಳಿ.

ಗಂಡಸರು ಗಂಡಸರಿಗೆ ಕೈ ಕೊಡುತ್ತಾರೆ. ಹೆಂಗಸರು ತಾವಾಗಿ ಕೈ ಚಾಚಿದರೆ ಮಾತ್ರ ಯಜಮಾನರು ಕೈ ಕೊಡಲಿ, ಇಲ್ಲದಿದ್ದರೆ ನಮ್ಮ ನಮಸ್ಕಾರವೇ ಚೆಂದ. ನಿಮ್ಮ ಬೀಗಿತ್ತಿ ನಿಮ್ಮನ್ನಂತೂ ಗಟ್ಟಿಯಾಗಿ ತಬ್ಬಿಕೊಳ್ಳುತ್ತಾರೆ, ತಯಾರಾಗಿರಿ.

ಒಳಗೆ ಹೋದ ತಕ್ಷಣ ಚಪ್ಪಲಿ, ಬೂಟು ಬಿಡುವುದು ನಮ್ಮ ಹಾಗೆಯೇ. ಆದರೆ ಬರಿಗಾಲಲ್ಲಿ ಓಡಾಡಲು ಬಿಡುವುದಿಲ್ಲ. ತಾಪೊಚ್ಕಿ ಅಂತ ಮನೆಯೊಳಗಿನ ಚಪ್ಪಲಿ ಕೊಡುತ್ತಾರೆ. ಅತಿಥಿಗಳಿಗೆಂದೇ ನಾಲ್ಕೈದು ಜೊತೆ ಬಾಗಿಲ ಹತ್ತಿರ ಇಟ್ಟಿರುತ್ತಾರೆ. ನಮಗೆ ಬರಿಗಾಲು ಅಭ್ಯಾಸ ಅಂತ ಬೇಡ ಅನ್ನಬೇಡಿ. ನೆಲದ ಥಂಡಿ ಕಾಲಿಗೆ ಹತ್ತುತ್ತದೆ ಅಂತ ಅವರಿಗೆ ನಿಜವಾಗಲೂ ಸಂಕಟ ಆಗುತ್ತದೆ. ಜೂನ್ ಆದರೂ ಅಷ್ಟೇ.

ಹೂವು. ಹೂ ಇಲ್ಲದೆ ಹೋಗಬೇಡಿ. ಆದರೆ ಎಣಿಸಿ ತೆಗೆದುಕೊಳ್ಳಿ. ಬೆಸ ಸಂಖ್ಯೆಯಲ್ಲೇ ಇರಬೇಕು: ಮೂರು, ಐದು, ಏಳು, ಒಂಬತ್ತು. ಸರಿ ಸಂಖ್ಯೆಯ ಹೂವು ಸಾವಿಗೆ, ಸಮಾಧಿಗೆ. ಹನ್ನೆರಡು ಗುಲಾಬಿ ಚೆಂದ ಅಂತ ನಮಗೆ ಅನ್ನಿಸುತ್ತದೆ, ಇಲ್ಲಿ ಅದನ್ನು ನೋಡಿದರೆ ಮುಖ ಬಾಡುತ್ತದೆ. ಮುಯ್ಯಿಗೆ ನೂರೊಂದು, ಐನೂರೊಂದು ಹಾಕುವ ನಮಗೆ ನೆನಪಿಟ್ಟುಕೊಳ್ಳುವುದು ಸುಲಭ. ಹಳದಿ ಹೂ ಬೇಡ, ಅದು ಅಗಲಿಕೆಯ ಗುರುತು. ಕೆಂಪು ಕಾರ್ನೇಷನ್ ಕೂಡ ಬೇಡ, ಅದನ್ನು ಯುದ್ಧದ ಸ್ಮಾರಕಗಳಿಗೆ ಇಡುತ್ತಾರೆ. ಜೂನ್‌ನಲ್ಲಿ ಪಿಯೋನಿ ಅಂತ ದಪ್ಪ ದಪ್ಪ ಹೂ ಎಲ್ಲ ಕಡೆ ಸಿಗುತ್ತದೆ. ಬೀಗಿತ್ತಿಗೆ ಐದು, ಅವರ ಮನೆಯಲ್ಲಿ ಅಜ್ಜಿ ಇದ್ದರೆ ಅವರಿಗೆ ಬೇರೆಯಾಗಿ ಮೂರು ತೆಗೆದುಕೊಳ್ಳಿ. ಹೂವಿನ ಅಂಗಡಿ ರಾತ್ರಿಯಿಡೀ ತೆರೆದಿರುವುದೂ ಉಂಟು. ಹಾಗಾಗಿ ಹೊತ್ತಾಯಿತು ಅಂತ ಗಾಬರಿ ಬೇಡ.

ಉಡುಗೊರೆಯಲ್ಲಿ ಎರಡನ್ನು ಬದಲಿಸಲೇಬೇಕು ಅಕ್ಕಾ. ಮುತ್ತು ಅಂದರೆ ಕಣ್ಣೀರು ಅಂತ ಇಲ್ಲಿ ನಂಬಿಕೆ, ಅದರಲ್ಲೂ ಮದುಮಗಳಿಗೆ. ಹುಡುಗಿ ಏನೂ ಅಂದುಕೊಳ್ಳದೆ ಇರಬಹುದು, ಅವಳ ಅಜ್ಜಿ, ದೊಡ್ಡಮ್ಮ ಖಂಡಿತ ಅಂದುಕೊಳ್ಳುತ್ತಾರೆ. ಹವಳ ಕೊಡಿ, ಇಲ್ಲಾ ಬರೀ ಚಿನ್ನ ಕೊಡಿ. ಮುತ್ತಿನ ಸರವನ್ನು ಅವಳು ಹಾಸನಕ್ಕೆ ಬಂದಾಗ ನಿಮ್ಮ ಮನೆಯಲ್ಲೇ ಹಾಕಿ, ಅಲ್ಲಿ ನಿಮ್ಮ ಶಾಸ್ತ್ರ. ಕೈಗಡಿಯಾರವೂ ಬೇಡ, ಅದು ಕೊಟ್ಟವರನ್ನೂ ತೆಗೆದುಕೊಂಡವರನ್ನೂ ದೂರ ಮಾಡುತ್ತದೆ ಅಂತಾರೆ. ಚಾಕು, ಕತ್ತರಿ, ಅಡಕೆಕತ್ತರಿ, ಕರವಸ್ತ್ರ ಇವೂ ಬೇಡ. ಕೊಡಲೇಬೇಕಾಗಿ ಬಂದರೆ ಅವರು ನಿಮ್ಮ ಕೈಗೆ ಒಂದು ಚಿಲ್ಲರೆ ನಾಣ್ಯ ಇಡುತ್ತಾರೆ. ಆಗ ಅದು ಕೊಂಡ ಹಾಗಾಯಿತು, ದೋಷ ಇಲ್ಲ. ಆ ನಾಣ್ಯವನ್ನು ಬೇಡ ಅನ್ನದೆ ತೆಗೆದುಕೊಳ್ಳಿ. ಪರ್ಸು ಕೊಡುವುದಾದರೆ ಒಳಗೆ ಒಂದು ನೋಟು, ಡಬ್ಬಿ ಬಟ್ಟಲು ಕೊಡುವುದಾದರೆ ಒಳಗೆ ಏನಾದರೂ ಸಿಹಿ ಇರಲಿ. ಖಾಲಿ ಪಾತ್ರೆ ಕೊಡುವುದಿಲ್ಲ.

ನಾನು ಊರಿಂದ ಬರುವಾಗ ತಪ್ಪದೆ ತರುವುದು ಚನ್ನಪಟ್ಟಣದ ಗೊಂಬೆ. ಇವರ ಮತ್ರ್ಯೋಷ್ಕಾ ಗೊಂಬೆಯೂ ಮರದ್ದು, ಚರಕಿಯಲ್ಲಿ ತಿರುಗಿಸಿ ಮಾಡಿದ್ದು. ಅತ್ತೆ ಎರಡನ್ನೂ ಒಂದೇ ಕಪಾಟಿನಲ್ಲಿ ಜೋಡಿಸಿಟ್ಟಿದ್ದಾರೆ. ಚಹಾಪುಡಿ ಕೂಡ ತನ್ನಿ. ಸೋವಿಯತ್ ಕಾಲದಲ್ಲಿ ಆನೆ ಚಿತ್ರದ ಪೊಟ್ಟಣದಲ್ಲಿ ಭಾರತದ ಚಹಾ ಸಿಗುತ್ತಿತ್ತು. ನಿಮ್ಮ ಬೀಗರ ವಯಸ್ಸಿನವರು ಅದನ್ನು ಕಣ್ಣರಳಿಸಿ ನೆನೆಸಿಕೊಳ್ಳುತ್ತಾರೆ.

ಶಿಳ್ಳೆ ಮಾತ್ರ ಬೇಡ. ಮನೆಯೊಳಗೆ ಶಿಳ್ಳೆ ಹಾಕಿದರೆ ಆ ಮನೆಯ ದುಡ್ಡು ಹೋಗುತ್ತದೆ ಅಂತ ಬಹಳ ಬಲವಾದ ನಂಬಿಕೆ. ಮನೆಯಿಂದ ಹೊರಡುವ ಮುಂಚೆಯೇ ಯಜಮಾನರಿಗೆ ಹೇಳಿಡಿ.

ಕಜಾನ್‌ನಲ್ಲಿ ಓದಿದವನು:

ಅಮ್ಮಾ, ನಾನು ಕಜಾನ್‌ನಲ್ಲಿ ಎಂಬಿಬಿಎಸ್ ಮುಗಿಸಿ ಈಗ ವಿಜಯಪುರದಲ್ಲಿದ್ದೇನೆ. ಶಿಳ್ಳೆ ವಿಷಯ ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ಹಾಸ್ಟೆಲ್ ಕಾವಲಿಗೆ ಕೂರುತ್ತಿದ್ದ ಅಜ್ಜಿ ಮೂರನೇ ಮಹಡಿಯ ಶಿಳ್ಳೆ ಕೇಳಿ ಮೆಟ್ಟಿಲು ಹತ್ತಿ ಬಂದು ಬೈಯುತ್ತಿದ್ದರು.

ಮನೆಯ ಹೊರಗಿನ ಒಂದೆರಡು ಮಾತು ನಾನು ಸೇರಿಸುತ್ತೇನೆ.

ಬೀದಿಯಲ್ಲಿ, ಅಂಗಡಿಯಲ್ಲಿ ಯಾರೂ ನಗುವುದಿಲ್ಲ. ನಿಮ್ಮ ಮೇಲೆ ಕೋಪ ಅಂತ ತಿಳಿಯಬೇಡಿ. ಗುರುತಿಲ್ಲದವರನ್ನು ನೋಡಿ ನಗುವುದು ಅಲ್ಲಿ ರೂಢಿಯಲ್ಲಿಲ್ಲ, ಅಷ್ಟೇ. ಅದೇ ಮನುಷ್ಯ ನಿಮ್ಮ ಸೂಟ್‌ಕೇಸ್ ಹೊತ್ತು ಮೆಟ್ಟಿಲು ಹತ್ತಿಸಿ, ಒಂದು ಮಾತೂ ಆಡದೆ ಹೋಗಿಬಿಡುತ್ತಾನೆ. ನನಗೆ ಹೀಗೆ ಸಹಾಯ ಸಿಕ್ಕಿದ್ದು ಲೆಕ್ಕವಿಲ್ಲ.

ಮೆಟ್ರೋದಲ್ಲಿ ಎಸ್ಕಲೇಟರ್ ಮೇಲೆ ಬಲಗಡೆ ನಿಲ್ಲಬೇಕು, ಎಡಗಡೆ ನಡೆಯುವವರಿಗೆ. ವಯಸ್ಸಾದವರು ಬಂದರೆ ಹುಡುಗರು ಕೂತಿರುವ ಹಾಗೇ ಇಲ್ಲ, ನಿಮಗೂ ಎದ್ದು ಜಾಗ ಕೊಡುತ್ತಾರೆ, ಕೂತ್ಕೊಳ್ಳಿ. ಮಾಸ್ಕೋದಲ್ಲಿ ಸಮಯ ಇದ್ದರೆ ಪ್ಲೋಷದ್ ರೆವೊಲ್ಯೂತ್ಸಿಯಿ ನಿಲ್ದಾಣ ನೋಡಿ. 1938ರಲ್ಲಿ ಶುರುವಾದದ್ದು, 76 ಕಂಚಿನ ವಿಗ್ರಹಗಳಿವೆ. ಗಡಿ ಕಾಯುವ ಸೈನಿಕನ ಜೊತೆ ಒಂದು ನಾಯಿ ಕೂತಿದೆ. ಅದರ ಮೂಗು ಮುಟ್ಟಿದರೆ ಒಳ್ಳೆಯದಾಗುತ್ತದೆ ಅಂತ ಜನ ಮುಟ್ಟಿ ಮುಟ್ಟಿ ಮೂಗು ಬಂಗಾರದ ಹಾಗೆ ಹೊಳೆಯುತ್ತದೆ. ಕೆಲಸಕ್ಕೆ ಓಡುವವರು ಕೂಡ ನಿಲ್ಲದೆ ಕೈ ಚಾಚಿ ಮುಟ್ಟಿಕೊಂಡೇ ಓಡುತ್ತಾರೆ.

ಪರೀಕ್ಷೆಯ ನಂಬಿಕೆಗಳು ನಿಮಗೆ ಬೇಕಾಗಿಲ್ಲ, ಆದರೂ ನೆನಪಾಯಿತು. ಹಿಂದಿನ ದಿನ ತಲೆಗೆ ಸ್ನಾನ ಮಾಡುವುದಿಲ್ಲ. ಹಿಮ್ಮಡಿಯ ಕೆಳಗೆ ಬೂಟಿನೊಳಗೆ ಐದರ ನಾಣ್ಯ ಇಟ್ಟುಕೊಳ್ಳುತ್ತಾರೆ, ಏಕೆಂದರೆ ಐದೇ ಅಲ್ಲಿ ಅತಿ ಹೆಚ್ಚಿನ ಅಂಕ. ರಾತ್ರಿ ಕಿಟಕಿಯಿಂದ ಅಂಕದ ಪುಸ್ತಕ ಹೊರಗೆ ಚಾಚಿ ಅದೃಷ್ಟವನ್ನು ಕೂಗಿ ಕರೆಯುತ್ತಾರೆ. ಅನಾಟಮಿ ಪರೀಕ್ಷೆಯ ಹಿಂದಿನ ರಾತ್ರಿ ಇಡೀ ಹಾಸ್ಟೆಲ್ ಕೂಗುತ್ತಿತ್ತು, ನಾವು ಕನ್ನಡದ ಹುಡುಗರೂ ಸೇರಿ.

ನಿಮ್ಮ ಮಗಳಿಗೆ ಎರಡು ಮಾತು. ಊಟದ ಮೇಜಿನ ಮೂಲೆಯಲ್ಲಿ ಕೂರಬಾರದು. ಮದುವೆಯಾಗದ ಹುಡುಗಿ ಮೂಲೆಗೆ ಕೂತರೆ ಏಳು ವರ್ಷ ಮದುವೆ ಇಲ್ಲ ಅಂತಾರೆ. ಕೂತರೆ ಯಾರಾದರೂ ಎಬ್ಬಿಸಿ ಬೇರೆ ಕಡೆ ಕೂರಿಸುತ್ತಾರೆ. ಹಾಗೇ ಹೊಳೆ ದಡದ ಕಲ್ಲಿನ ಮೆಟ್ಟಿಲ ಮೇಲೆ ಹಾಗೇ ಕೂತರೆ ದಾರಿಯಲ್ಲಿ ಹೋಗುವ ಅಜ್ಜಿಯರು ನಿಂತು ಗದರುತ್ತಾರೆ. ಹೆಣ್ಣುಮಕ್ಕಳು ತಣ್ಣನೆ ಕಲ್ಲಿನ ಮೇಲೆ ಕೂತರೆ ಮುಂದೆ ಮಕ್ಕಳಾಗುವುದಕ್ಕೆ ತೊಂದರೆ ಅಂತ ಅವರ ನಂಬಿಕೆ. ಗದರಿದರೆ ಪ್ರೀತಿ ಅಂತಲೇ ತಿಳಿಯಿರಿ.

ಮರೆಯಬೇಡಿ: ನಮ್ಮ ಬ್ಯಾಂಕುಗಳ ವೀಸಾ, ಮಾಸ್ಟರ್‌ಕಾರ್ಡ್ 2022ರ ಮಾರ್ಚ್‌ನಿಂದ ಅಲ್ಲಿ ನಡೆಯುವುದಿಲ್ಲ. ನಗದು ಇಟ್ಟುಕೊಂಡೇ ಹೋಗಬೇಕು. ಡಾಲರ್ ನೋಟು ಹೊಸದಾಗಿ, ಗೆರೆ ಮಡಿಕೆ ಇಲ್ಲದೆ ಇರಲಿ.

ಹಾಸನದಮ್ಮ:

ಇಬ್ಬರಿಗೂ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಮುತ್ತಿನ ಸರ ಇಲ್ಲೇ ಇಡುತ್ತೇನೆ, ಹವಳಕ್ಕೆ ಹೇಳಿಯಾಯಿತು. ಆಷಾಢದ ಮಾತು ಕೇಳಿ ಬೀಗಿತ್ತಿಯ ಮೇಲೆ ಪ್ರೀತಿ ಜಾಸ್ತಿ ಆಯಿತು.

ಇನ್ನು ಊಟದ ವಿಷಯ ಹೇಳಿ. ಮತ್ತೆ ಮಗ ನಿನ್ನೆ ಇನ್ನೊಂದು ಹೇಳಿದ. ಮದುವೆ ದಿನ ನಾನು ಬಾಗಿಲಲ್ಲಿ ದೊಡ್ಡ ಬ್ರೆಡ್ ಹಿಡಿದು ನಿಲ್ಲಬೇಕಂತೆ. ಅದು ಹುಡುಗನ ತಾಯಿಯೇ ಮಾಡಬೇಕಾದ ಕೆಲಸವಂತೆ. ಭಾಷೆ ಬರದ ನಾನು ಅಷ್ಟು ಜನರ ಮುಂದೆ ಏನು ಮಾಡಲಿ?

ನೇವಾ ದಡದವಳು:

ಅಕ್ಕಾ, ಆ ಬ್ರೆಡ್ ಹಿಡಿಯುವುದು ದೊಡ್ಡ ಗೌರವ. ಅದರ ಹೆಸರು ಕರವಾಯ್. ದುಂಡಗೆ, ಮೇಲೆ ಹಿಟ್ಟಿನದೇ ಹೂ ಎಲೆ ಮಾಡಿ ಬೇಯಿಸಿರುತ್ತಾರೆ. ನಟ್ಟನಡುವೆ ಉಪ್ಪಿನ ಪುಟ್ಟ ಬಟ್ಟಲು ಕೂರಿಸಿರುತ್ತಾರೆ. ಕಸೂತಿ ಹಾಕಿದ ಉದ್ದನೆಯ ವಸ್ತ್ರದ ಮೇಲೆ ಅದನ್ನಿಟ್ಟು ಎರಡೂ ಕೈಯಲ್ಲಿ ಹಿಡಿದು ನಿಲ್ಲುತ್ತೀರಿ. ಭಾರ ಇರುತ್ತದೆ, ಮೊಣಕೈ ಮೈಗೆ ಒತ್ತಿಕೊಂಡು ಹಿಡಿಯಿರಿ. ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಆದ ಮೇಲೆ ಗಂಡು ಹೆಣ್ಣು ಊಟದ ಹಾಲ್‌ಗೆ ಬರುತ್ತಾರೆ. ಬಾಗಿಲಲ್ಲಿ ಅವರನ್ನು ಎದುರುಗೊಳ್ಳುವುದು ನೀವು. ಇಬ್ಬರೂ ಒಂದೊಂದು ತುಂಡು ಮುರಿದು ಉಪ್ಪಿನಲ್ಲಿ ಅದ್ದಿ ಒಬ್ಬರಿಗೊಬ್ಬರು ತಿನ್ನಿಸುತ್ತಾರೆ. ಕೆಲವು ಕಡೆ ಕೈ ಹಾಕದೆ ಕಚ್ಚಲು ಹೇಳುತ್ತಾರೆ, ಯಾರ ತುಂಡು ದೊಡ್ಡದೋ ಮನೆಯಲ್ಲಿ ಅವರದೇ ಮಾತು. ಕರವಾಯ್‌ಗೆ ಚಾಕು ಹಾಕುವುದಿಲ್ಲ. ಆಮೇಲೆ ಇಬ್ಬರೂ ಷಾಂಪೇನ್ ಕುಡಿದು ಗ್ಲಾಸ್ ನೆಲಕ್ಕೆ ಎಸೆದು ಒಡೆಯುವುದೂ ಉಂಟು. ಬೆಚ್ಚಿಬೀಳಬೇಡಿ, ಒಡೆದರೇ ಶುಭ.

ಭಾಷೆ ಬಗ್ಗೆ ಚಿಂತೆ ಬೇಡ. ಕನ್ನಡದಲ್ಲೇ ಹರಸಿ. ಅಕ್ಕಿ ಸೇರು ಒದ್ದು ಒಳಗೆ ಬರುವ ಸೊಸೆಗೆ ನಿಮ್ಮ ಮನೆಯ ಬಾಗಿಲಲ್ಲಿ ಏನು ಹೇಳುತ್ತಿದ್ದಿರೋ ಅದನ್ನೇ ಹೇಳಿ. ಮಗ ಅದನ್ನು ಅವರಿಗೆ ತಿಳಿಸಲಿ. ರೇಷ್ಮೆ ಸೀರೆ ಉಟ್ಟು ಕೈಯಲ್ಲಿ ಕರವಾಯ್ ಹಿಡಿದ ಅತ್ತೆಯನ್ನು ಆ ಊರು ಬಹಳ ದಿನ ನೆನೆಸಿಕೊಳ್ಳುತ್ತದೆ.

ಅಂದು ಬೆಳಿಗ್ಗೆ ಇನ್ನೊಂದು ಆಟ ಇರಬಹುದು. ಹೆಣ್ಣಿನ ಗೆಳತಿಯರು ಮನೆಯ ಮೆಟ್ಟಿಲಲ್ಲಿ ಅಡ್ಡ ನಿಂತು ಒಗಟು ಕೇಳಿ, ಹಾಡಿಸಿ, ದುಡ್ಡು ಕೇಳಿ ಆಮೇಲೆ ಗಂಡನ್ನು ಮೇಲೆ ಬಿಡುತ್ತಾರೆ. ಮಗನ ಜೇಬಿನಲ್ಲಿ ಚಾಕೊಲೇಟು, ಸಣ್ಣ ನೋಟು ಇರಲಿ. ಊಟದ ಮಧ್ಯೆ ಎಲ್ಲರೂ ಒಟ್ಟಿಗೆ “ಗೋರ್ಕೊ, ಗೋರ್ಕೊ” (ಕಹಿ, ಕಹಿ) ಅಂತ ಕೂಗಿದರೆ ಗಂಡು ಹೆಣ್ಣು ಎದ್ದು ನಿಂತು ಮುತ್ತು ಕೊಡಬೇಕು. ಅಪ್ಪ ಅಮ್ಮನ ಎದುರಿಗೇ. ಇದು ಸಂಜೆಯೆಲ್ಲ ನಡೆಯುತ್ತದೆ. ಯಜಮಾನರಿಗೆ ಮೊದಲೇ ಹೇಳಿಟ್ಟರೆ ಒಳ್ಳೆಯದು. ನೀವು ಚಪ್ಪಾಳೆ ತಟ್ಟಿ, ಸಾಕು.

ಈಗ ಊಟ. “ಮಾಂಸ ತಿನ್ನಲ್ಲ” ಅಂದರೆ ಕೋಳಿ ತರುತ್ತಾರೆ. ಅದೂ ಬೇಡ ಅಂದರೆ ಮೀನು ತರುತ್ತಾರೆ. ಅದಕ್ಕೇ ಬೇರೆ ದಾರಿ ಹೇಳುತ್ತೇನೆ. ಇವರ ಚರ್ಚಿನಲ್ಲಿ ಪೋಸ್ತ್ ಅಂತ ಉಪವಾಸದ ಕಾಲ ಇದೆ. ಈಸ್ಟರ್ ಹಬ್ಬಕ್ಕೆ ಮುಂಚಿನ ದೊಡ್ಡ ಪೋಸ್ತ್‌ನಲ್ಲಿ ಮಾಂಸ, ಹಾಲು, ಮೊಟ್ಟೆ ಮುಟ್ಟುವುದಿಲ್ಲ. ಆ ಅಡುಗೆ ಎಲ್ಲ ಮನೆಯ ಹೆಂಗಸರಿಗೂ ಗೊತ್ತು. “ನಮಗೆ ವರ್ಷಪೂರ್ತಿ ಪೋಸ್ತ್, ಹಾಲು ಮೊಸರು ಮಾತ್ರ ನಡೆಯುತ್ತದೆ” ಅಂತ ಮಗ ಹೇಳಲಿ. ಬೀಗಿತ್ತಿಗೆ ಒಂದೇ ಕ್ಷಣದಲ್ಲಿ ಅರ್ಥ ಆಗುತ್ತದೆ, ಜೊತೆಗೆ ನಿಮ್ಮ ಮೇಲೆ ಭಕ್ತಿಯೂ ಹುಟ್ಟುತ್ತದೆ. ಗ್ರೇಚ್ಕಾ ಅಂತ ಒಂದು ಕಾಳು, ಅನ್ನದ ಹಾಗೆ ಬೇಯಿಸುತ್ತಾರೆ, ಬೆಣ್ಣೆ ಹಾಕಿ ತಿನ್ನಿ. ಅಣಬೆ ಪಲ್ಯ, ಆಲೂಗಡ್ಡೆ, ಉಪ್ಪುನೀರಿನ ಸೌತೆಕಾಯಿ, ಕೋಸು, ತ್ವೋರೊಗ್ ಅನ್ನುವ ಒಡೆದ ಹಾಲಿನ ಗಿಣ್ಣು ಎಲ್ಲ ಸಿಗುತ್ತದೆ. ಬೋರ್ಷ್ ಸಾರು ನೋಡಲು ಬೀಟ್‌ರೂಟ್, ಆದರೆ ಸಾಮಾನ್ಯವಾಗಿ ದನದ ಮೂಳೆ ಬೇಯಿಸಿದ ನೀರಿನಲ್ಲಿ ಮಾಡುತ್ತಾರೆ. ಒಲಿವ್ಯೆ ಸಲಾಡ್‌ನಲ್ಲಿ ಮೊಟ್ಟೆ, ಸಾಸೇಜ್ ಇರುತ್ತದೆ. ಬ್ಲಿನಿ ದೋಸೆಯ ಹಿಟ್ಟಿಗೂ ಮೊಟ್ಟೆ ಹಾಕುವುದು ವಾಡಿಕೆ. ಕೇಳಿ ತಿನ್ನಿ.

ತಟ್ಟೆ ಖಾಲಿಯಾದರೆ ಮತ್ತೆ ಬಡಿಸುತ್ತಾರೆ. ಸಾಕು ಅನ್ನುವುದನ್ನು ಮೊದಲ ಸಲ ಯಾರೂ ಕೇಳಿಸಿಕೊಳ್ಳುವುದಿಲ್ಲ, ನಮ್ಮ ಕಡೆಯ ಹಾಗೆಯೇ. ಆದರೆ ಬ್ರೆಡ್ ಒಂದನ್ನು ಮಾತ್ರ ಬಿಡಬೇಡಿ. ಬೇಕಾದಷ್ಟೇ ತೆಗೆದುಕೊಳ್ಳಿ, ತೆಗೆದುಕೊಂಡದ್ದನ್ನು ಮುಗಿಸಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಪೀಟರ್ಸ್‌ಬರ್ಗ್‌ಗೆ ಆಗ ಲೆನಿನ್‌ಗ್ರಾಡ್ ಅಂತ ಹೆಸರು. ಎರಡನೇ ಮಹಾಯುದ್ಧದಲ್ಲಿ ಜರ್ಮನರು ಅದಕ್ಕೆ ಮುತ್ತಿಗೆ ಹಾಕಿದ್ದ ಕಾಲದಲ್ಲಿ ನನ್ನ ಗಂಡನ ಅಜ್ಜಿ ಇಲ್ಲೇ ಪುಟ್ಟ ಹುಡುಗಿಯಾಗಿದ್ದವರು. ಆ ಮುತ್ತಿಗೆ 1941ರ ಸೆಪ್ಟೆಂಬರ್‌ನಿಂದ 1944ರ ಜನವರಿವರೆಗೆ ನಡೆಯಿತು. 1941ರ ನವೆಂಬರ್ 20ರಿಂದ ಡಿಸೆಂಬರ್ 25ರವರೆಗೆ ಮಕ್ಕಳಿಗೆ ದಿನಕ್ಕೆ ಸಿಕ್ಕಿದ್ದು 125 ಗ್ರಾಂ ಬ್ರೆಡ್. ಅದರಲ್ಲೂ ಎಲ್ಲವೂ ಹಿಟ್ಟಲ್ಲ, ಏನೇನೋ ಬೆರೆಸಿದ್ದು. ಅಜ್ಜಿ ಕೊನೆಯವರೆಗೂ ಊಟ ಮುಗಿದ ಮೇಲೆ ಮೇಜಿನ ಮೇಲೆ ಉದುರಿದ ಬ್ರೆಡ್ಡಿನ ಪುಡಿಯನ್ನು ತೋರುಬೆರಳಿನಿಂದ ಒತ್ತಿ ಒತ್ತಿ ಎತ್ತಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಯಾರೂ ಮಾತಾಡುತ್ತಿರಲಿಲ್ಲ, ಯಾರೂ ಬಟ್ಟೆ ತಂದು ಒರೆಸುತ್ತಿರಲಿಲ್ಲ. ನನ್ನ ಮಕ್ಕಳೂ ಅದನ್ನು ನೋಡಿಕೊಂಡೇ ಬೆಳೆದರು. ತ್ವೇರ್ ಊರನ್ನೂ 1941ರ ಅಕ್ಟೋಬರ್‌ನಲ್ಲಿ ಜರ್ಮನರು ಹಿಡಿದಿದ್ದರು, ಡಿಸೆಂಬರ್ 16ಕ್ಕೆ ಬಿಡುಗಡೆ ಆಯಿತು. ಆಗ ಅದರ ಹೆಸರು ಕಲೀನಿನ್. ನಿಮ್ಮ ಬೀಗರ ಮನೆಯಲ್ಲೂ ಅಂಥ ನೆನಪು ಇದ್ದೇ ಇರುತ್ತದೆ.

ಕುಡಿಯುವ ವಿಷಯಕ್ಕೂ ಈ ಯುದ್ಧದ ನೆನಪಿಗೂ ಸಂಬಂಧ ಇದೆ. ಇಲ್ಲಿ ಸುಮ್ನೆ ಕುಡಿಯುವುದಿಲ್ಲ, ಪ್ರತಿ ಸಲ ಒಬ್ಬರು ಎದ್ದು ನಿಂತು ನಾಲ್ಕು ಮಾತಾಡುತ್ತಾರೆ, ಆಮೇಲೆ ಎಲ್ಲರೂ ಗ್ಲಾಸ್ ತಾಗಿಸುತ್ತಾರೆ. ಯಜಮಾನರ ಗ್ಲಾಸ್‌ನಲ್ಲಿ ಮೋರ್ಸ್ ಇರಲಿ. ಅದು ಕಾಡುಹಣ್ಣಿನ ಪಾನಕ, ಕೆಂಪಗೆ ಚೆನ್ನಾಗಿರುತ್ತದೆ. ಖಾಲಿ ಗ್ಲಾಸ್ ಎತ್ತಬಾರದು. ತಾಗಿಸಿದ ಮೇಲೆ ಒಂದು ಗುಟುಕಾದರೂ ಕುಡಿಯದೆ ಕೆಳಗಿಡಬಾರದು. “ದೇವರಿಗೆ ಮಾತು ಕೊಟ್ಟಿದ್ದೇನೆ, ಕುಡಿಯುವುದಿಲ್ಲ” ಅಂದರೆ ಗೌರವಿಸುತ್ತಾರೆ. ಸುಮ್ಮನೆ ಬೇಡ ಅಂದರೆ ಒತ್ತಾಯ ಮಾಡುತ್ತಾರೆ. ಖಾಲಿಯಾದ ಬಾಟಲಿಯನ್ನು ಮೇಜಿನ ಮೇಲೆ ಬಿಡದೆ ನೆಲದ ಮೇಲಿಡುತ್ತಾರೆ, ನೀವು ಎತ್ತಿ ಮೇಲಿಡಬೇಡಿ.

ಮೂರನೇ ಸಲ ಗ್ಲಾಸ್ ಎತ್ತುವಾಗ ಮಾತ್ರ ಬೀಗರ ಕಡೆ ನೋಡಿಕೊಂಡಿರಿ. ಸಾಧಾರಣ ಮನೆಗಳಲ್ಲಿ ಮೂರನೆಯದು ಪ್ರೀತಿಯ ಹೆಸರಿನಲ್ಲಿ. ಸೈನ್ಯದಲ್ಲಿದ್ದವರ ನಡುವೆ ಅದು ಸತ್ತವರ ಹೆಸರಿನಲ್ಲಿ. ಎಲ್ಲರೂ ಎದ್ದು ನಿಲ್ಲುತ್ತಾರೆ, ಮಾತಿಲ್ಲ, ಗ್ಲಾಸ್ ತಾಗಿಸುವಂತಿಲ್ಲ. ಬೀಗರು ಮಾತಾಡದೆ ಎದ್ದರೆ ನೀವೂ ಎದ್ದು ನಿಲ್ಲಿ, ಗ್ಲಾಸನ್ನು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಇದೊಂದು ಗೊತ್ತಿದ್ದರೆ ಆ ಶಿಸ್ತಿನ ಮನುಷ್ಯ ನಿಮ್ಮ ಯಜಮಾನರನ್ನು ಅಣ್ಣತಮ್ಮನ ಹಾಗೆ ನೋಡಿಕೊಳ್ಳುತ್ತಾರೆ. ನನ್ನ ಮಾವನೂ ಸೈನ್ಯದವರೇ ಆಗಿದ್ದರು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಸಣ್ಣಪುಟ್ಟದ್ದು ಒಂದೆರಡು. ನೀವು ಏನಾದರೂ ಹೊಗಳಿದ ಕೂಡಲೇ ಅವರು ಎಡ ಹೆಗಲ ಮೇಲಿಂದ “ತ್ಫು ತ್ಫು ತ್ಫು” ಅಂತ ಉಗುಳುವ ಹಾಗೆ ಮಾಡಿ ಮರ ತಟ್ಟುತ್ತಾರೆ. ದೃಷ್ಟಿ ತೆಗೆಯುವುದು ಅದು. ಸಂಜೆ ಹೊತ್ತಿನ ಮೇಲೆ ಕಸ ಹೊರಗೆ ಹಾಕುವುದಿಲ್ಲ. ಉಪ್ಪು ಚೆಲ್ಲಿದರೆ ಜಗಳ ಅಂತಾರೆ. ಹೊರಟ ಮೇಲೆ ಮರೆತದ್ದಕ್ಕೆ ವಾಪಸ್ ಬಂದರೆ ಕನ್ನಡಿ ನೋಡಿ ಮತ್ತೆ ಹೊರಡಬೇಕು. ಊರಿಗೆ ಹೊರಡುವ ದಿನ ಸಾಮಾನು ಬಾಗಿಲಿಗೆ ಬಂದ ಮೇಲೆ ಎಲ್ಲರೂ ಒಂದು ನಿಮಿಷ ಕೂರುತ್ತಾರೆ, ಸೂಟ್‌ಕೇಸಿನ ಮೇಲಾದರೂ ಸರಿ. ರೈಲಿಗೆ ಹೊತ್ತಾಯಿತು ಅಂತ ಅವಸರ ಮಾಡಬೇಡಿ.

ಬೀದರ್ ಮೇಷ್ಟ್ರು:

ತಂಗಿ, ನಾನು ಬೀದರಿನ ನಿವೃತ್ತ ಮೇಷ್ಟ್ರು. ತ್ವೇರ್ ಅನ್ನುವ ಹೆಸರು ಓದಿ ಸುಮ್ಮನಿರಲು ಆಗಲಿಲ್ಲ. ಅಫನಾಸಿ ನಿಕಿತಿನ್ ಅನ್ನುವ ವ್ಯಾಪಾರಿ ಅದೇ ಊರಿನವನು. ವಾಸ್ಕೋ ಡ ಗಾಮನಿಗಿಂತ ಮುಂಚೆಯೇ ಭಾರತಕ್ಕೆ ಬಂದವನು. 1470ರ ದಶಕದ ಶುರುವಿನಲ್ಲಿ ನಮ್ಮ ಬೀದರಿನಲ್ಲಿದ್ದ, ಬಹಮನಿ ಸುಲ್ತಾನರ ಕಾಲ. ಮಾರಲು ತಂದಿದ್ದ ಕುದುರೆಯನ್ನು ಇಲ್ಲೇ ಮಾರಿದ. ಇಲ್ಲಿಯ ಜನರ ಊಟ, ಉಡುಗೆ, ಜಾತ್ರೆ ಎಲ್ಲ ನೋಡಿ ಬರೆದಿಟ್ಟಿದ್ದಾನೆ. ಅನ್ಯ ದೇಶದಲ್ಲಿ ತನ್ನ ಹಬ್ಬ, ಉಪವಾಸದ ದಿನಗಳ ಲೆಕ್ಕ ತಪ್ಪಿಹೋಯಿತು ಅಂತ ಸಂಕಟಪಟ್ಟುಕೊಂಡಿದ್ದಾನೆ. ಊರಿಗೆ ವಾಪಸ್ ಹೋಗುವಾಗ ತ್ವೇರ್ ಮುಟ್ಟುವ ಮೊದಲೇ ತೀರಿಕೊಂಡ.

ತ್ವೇರ್‌ನಲ್ಲಿ ವೋಲ್ಗಾ ದಡದ ಮೇಲೆ 1955ರಲ್ಲಿ ನಿಲ್ಲಿಸಿದ ಅವನ ಪ್ರತಿಮೆ ಇದೆ. ನಿಮ್ಮ ಬೀಗರು ನಿಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗದೆ ಇರುವುದಿಲ್ಲ. ಆಗ ಹೇಳಿ, ನಿಮ್ಮ ಊರಿನವನು ನಮ್ಮ ರಾಜ್ಯದಲ್ಲಿ ಇದ್ದು ಹೋಗಿದ್ದಾನೆ ಅಂತ. ಐನೂರು ವರ್ಷದ ಹಿಂದಿನ ನೆಂಟಸ್ತನ ಇದು. ಕೈಗಡಿಯಾರದ ಬದಲು ಬೀಗರಿಗೆ ಬಿದರಿ ಕೆಲಸದ ಒಂದು ಡಬ್ಬಿ ಕೊಡಿ. ಕಪ್ಪು ಲೋಹದ ಮೇಲೆ ಬೆಳ್ಳಿಯ ಬಳ್ಳಿ, ನೋಡಲು ಗಂಭೀರವಾಗಿರುತ್ತದೆ. ಒಳಗೆ ಕಲ್ಲುಸಕ್ಕರೆ ತುಂಬಿ, ಆಗ ಖಾಲಿ ಕೊಟ್ಟ ಹಾಗಾಗುವುದಿಲ್ಲ.

ಹಾಸನದಮ್ಮ:

ಮೇಷ್ಟ್ರೇ, ನಿಮ್ಮ ಮಾತು ಯಜಮಾನರಿಗೆ ಓದಿ ಹೇಳಿದೆ. ಬಿದರಿ ಡಬ್ಬಿಯೇ ಅಂತ ತೀರ್ಮಾನ ಆಯಿತು. ಮದುವೆಯಲ್ಲಿ ಎದ್ದು ನಿಂತು ಮಾತಾಡುವಾಗ ನಿಕಿತಿನ್ ವಿಷಯವನ್ನೇ ಹೇಳುತ್ತಾರಂತೆ.

ನೇವಾ ತಂಗಿ, ಕೊನೆಯದು ಒಂದು. ಬೀಗರನ್ನು ಏನಂತ ಕರೆಯಲಿ? ಹೆಸರು ಹಿಡಿದು ಕರೆಯಲು ಬಾಯಿ ಬರುವುದಿಲ್ಲ.

ನೇವಾ ದಡದವಳು:

ಇಲ್ಲೂ ಬರೀ ಹೆಸರು ಹಿಡಿದು ಕರೆಯುವುದಿಲ್ಲ ಅಕ್ಕಾ. ಅವರ ಹೆಸರಿನ ಜೊತೆ ಅವರ ತಂದೆಯ ಹೆಸರು ಸೇರಿಸಿ ಕರೆಯುತ್ತಾರೆ. ಗಂಡಸರಿಗೆ ಕೊನೆಯಲ್ಲಿ ಒವಿಚ್, ಎವಿಚ್ ಅಂತ ಬರುತ್ತದೆ, ಹೆಂಗಸರಿಗೆ ಒವ್ನಾ, ಎವ್ನಾ. ತಂದೆ ಇವಾನ್ ಆಗಿದ್ದರೆ ಮಗ ಇವಾನೊವಿಚ್, ಮಗಳು ಇವಾನೊವ್ನಾ. ಗೌರವ ಎಲ್ಲ ಅದರಲ್ಲೇ ಬಂತು, ಬೇರೆ ಏನೂ ಸೇರಿಸಬೇಕಾಗಿಲ್ಲ. ನಾನು ಕೂಡ ಮದುವೆಯಾದ ಹೊಸದರಲ್ಲಿ ಅತ್ತೆಯನ್ನು ಹಾಗೇ ಕರೆಯುತ್ತಿದ್ದೆ, ಅವರೇ ಒಂದು ದಿನ ಅಮ್ಮ ಅಂತ ಕರೆ ಅಂದರು. ನೀನು, ನೀವು ಎರಡೂ ಇಲ್ಲಿ ಇದೆ. ಮೊದಲ ದಿನ ಎಲ್ಲರಿಗೂ ನೀವು ಅಂತಲೇ ಮಗ ಹೇಳಿಸಲಿ, ಸಲಿಗೆಗೆ ಅವರೇ ಕರೆಯುತ್ತಾರೆ.

ಬೀಗರು, ಬೀಗಿತ್ತಿ, ಅಜ್ಜಿ ಮೂವರ ಹೆಸರು, ಅವರ ತಂದೆಯ ಹೆಸರು ಮಗನ ಹತ್ತಿರ ಕೇಳಿ ನನಗೆ ಖಾಸಗಿಯಾಗಿ ಕಳಿಸಿ, ಇಲ್ಲಿ ಹಾಕಬೇಡಿ. ಎಲ್ಲಿ ಒತ್ತಿ ಹೇಳಬೇಕು ಅಂತ ಗುರುತು ಹಾಕಿ ಕನ್ನಡದಲ್ಲಿ ಬರೆದು ಕಳಿಸುತ್ತೇನೆ. ಬೇಕಾದರೆ ನಾನೇ ಹೇಳಿ ರೆಕಾರ್ಡ್ ಮಾಡಿಯೂ ಕಳಿಸುತ್ತೇನೆ. ಹೊರಡುವವರೆಗೆ ಅಡುಗೆ ಮಾಡುವಾಗ ಹಾಕಿಕೊಂಡು ಕೇಳುತ್ತಿರಿ.